ಎರಡು ಹ್ಯಾಮರ್‌ಹೆಡ್ ಶಾರ್ಕ್‌ಗಳು: ಬೇರೆ ಮಾಡಿ ಗುರುತಿಸುವುದು ಹೇಗೆ, ಅವುಗಳ ಅಳಿವಿನ ಸ್ಥಿತಿ ಓದುವುದು ಹೇಗೆ

ಹ್ಯಾಮರ್‌ಹೆಡ್ ಶಾರ್ಕ್ ಅನ್ನುವುದು ಒಂದು ಜಾತಿಯಲ್ಲ. ಅದೊಂದು ಕುಟುಂಬ. ಅದರಲ್ಲಿ ಸುಮಾರು ಹತ್ತು ಜಾತಿಗಳಿವೆ. ಆದರೆ ಸುದ್ದಿಯಲ್ಲಿ, ಡೈವಿಂಗ್ ವಿಡಿಯೊಗಳಲ್ಲಿ, ಬಂದರಿನಲ್ಲಿ ತೆಗೆದ ಫೋಟೊಗಳ ಕೆಳಗೆ ಎಲ್ಲವೂ ಸುಮ್ನೆ 'ಹ್ಯಾಮರ್‌ಹೆಡ್' ಆಗಿಬಿಡುತ್ತವೆ. ಸುತ್ತಿಗೆಯಂಥ ತಲೆ ಕಂಡರೆ ಸಾಕು, ಮುಂದೆ ಯಾರೂ ನೋಡುವುದಿಲ್ಲ.

ಅದರಿಂದ ಏನು ನಷ್ಟ ಅಂತ ಕೇಳಬಹುದು. ತುಂಬಾ ನಷ್ಟ. ಒಂದು ಪ್ರಾಣಿ ಎಷ್ಟು ಉಳಿದಿದೆ ಎಂಬ ಲೆಕ್ಕ ನಡೆಯುವುದು ಜಾತಿಯ ಹೆಸರಿನಲ್ಲಿ. ಯಾವುದನ್ನು ಹಿಡಿಯಬಾರದು, ಯಾವುದನ್ನು ಹೊರದೇಶಕ್ಕೆ ಮಾರಬಾರದು ಎಂಬ ಕಾನೂನು ಬರುವುದೂ ಜಾತಿಯ ಹೆಸರಿನಲ್ಲಿ. ಹಲವು ದೇಶಗಳ ಮೀನುಗಾರಿಕೆ ದಾಖಲೆಗಳಲ್ಲಿ ಎಲ್ಲ ಹ್ಯಾಮರ್‌ಹೆಡ್‌ಗಳನ್ನೂ ಒಂದೇ ಸಾಲಿನಲ್ಲಿ ಸೇರಿಸಿ ತೂಕ ಬರೆದಿರುತ್ತಾರೆ, ಹಾಗಾಗಿ ಅವುಗಳಲ್ಲಿ ಒಂದು ಜಾತಿ ಸದ್ದಿಲ್ಲದೆ ಕಡಿಮೆಯಾಗುತ್ತಾ ಬಂದರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಇಲ್ಲಿ ಎರಡು ಜಾತಿಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಒಂದು ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್, ವೈಜ್ಞಾನಿಕ ಹೆಸರು ಸ್ಫಿರ್ನಾ ಲೆವಿನಿ. ಇನ್ನೊಂದು ಗ್ರೇಟ್ ಹ್ಯಾಮರ್‌ಹೆಡ್, ಸ್ಫಿರ್ನಾ ಮೊಕರ್ರಾನ್. ಎರಡೂ ಒಂದೇ ಕುಲ. ಎರಡೂ ಬೆಚ್ಚಗಿನ ಸಮುದ್ರಗಳಲ್ಲಿ ಲೋಕದ ಸುತ್ತ ಇವೆ, ನಮ್ಮ ಅರಬ್ಬೀ ಸಮುದ್ರದಲ್ಲೂ ಇವೆ. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಇದೆ ಅಂತ ದರ್ಜೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್. ಅದರ ಕೆಂಪುಪಟ್ಟಿಯಲ್ಲಿ ಎರಡಕ್ಕೂ ಇವತ್ತು ಒಂದೇ ದರ್ಜೆ. ಆದರೆ ಬದುಕುವ ರೀತಿ ಬೇರೆ, ಸಿಕ್ಕಿಬೀಳುವ ರೀತಿ ಬೇರೆ, ಕಾನೂನಿನಲ್ಲಿ ಸಿಕ್ಕ ಜಾಗವೂ ಬೇರೆ. ಮೊದಲು ಗುರುತಿಸೋಣ, ಆಮೇಲೆ ಸ್ಥಿತಿಗೆ ಬರೋಣ. ಈ ಕ್ರಮ ತಿರುವುಮುರುವು ಮಾಡಬೇಡಿ.

ಮೊದಲು ತಲೆಯ ಮುಂದಿನ ಅಂಚು ನೋಡಿ

ಶಾರ್ಕನ್ನು ಮೇಲಿನಿಂದ ಅಥವಾ ಕೆಳಗಿನಿಂದ ನೋಡಬೇಕು. ಬದಿಯಿಂದ ತೆಗೆದ ಫೋಟೊದಲ್ಲಿ ತಲೆಯ ಆಕಾರ ಗೊತ್ತಾಗುವುದಿಲ್ಲ.

ಸ್ಕ್ಯಾಲಪ್ಡ್‌ನ ತಲೆಯ ಮುಂದಿನ ಅಂಚು ಕಮಾನಾಗಿ ಮುಂದಕ್ಕೆ ಉಬ್ಬಿರುತ್ತದೆ. ಸರಿಯಾಗಿ ನಡುವೆ ಒಂದು ಕಚ್ಚು ಇರುತ್ತದೆ. ಅದರ ಎರಡೂ ಬದಿಗೆ ಇನ್ನೊಂದೊಂದು ಸಣ್ಣ ಕಚ್ಚು. ಹಾಗಾಗಿ ಅಂಚು ಅಲೆ ಅಲೆಯಾಗಿ ಕಾಣುತ್ತದೆ.

ಗ್ರೇಟ್‌ನ ತಲೆಯ ಮುಂದಿನ ಅಂಚು ಬೆಳೆದ ಶಾರ್ಕ್‌ನಲ್ಲಿ ಹೆಚ್ಚುಕಡಿಮೆ ನೇರ. ನಡುವೆ ಇಲ್ಲೂ ಕಚ್ಚು ಇದೆ. ಆದರೆ ಕಮಾನು ಇಲ್ಲ. ಮೇಲಿನಿಂದ ನೋಡಿದರೆ ಮೈ ಮತ್ತು ತಲೆ ಸೇರಿ ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಕಾಣುತ್ತವೆ.

ನಡುವಿನ ಕಚ್ಚು ಇಲ್ಲವೇ ಇಲ್ಲ, ಅಂಚು ನುಣ್ಣಗೆ ಕಮಾನಾಗಿದೆ ಅಂದರೆ ಅದು ಈ ಎರಡೂ ಅಲ್ಲ. ಅದು ಸ್ಮೂತ್ ಹ್ಯಾಮರ್‌ಹೆಡ್, ಸ್ಫಿರ್ನಾ ಝೈಗೀನಾ. ಅದು ಸ್ವಲ್ಪ ತಣ್ಣನೆಯ ನೀರನ್ನೂ ಸಹಿಸುತ್ತದೆ, ಕೆಂಪುಪಟ್ಟಿಯಲ್ಲಿ ಅದರ ದರ್ಜೆಯೂ ಬೇರೆ. ತಲೆಯ ಅಗಲ ಮೈಯುದ್ದದ ಅರ್ಧದ ಹತ್ತಿರ ಇದ್ದು ವಿಮಾನದ ರೆಕ್ಕೆಗಳ ಹಾಗೆ ಚಾಚಿಕೊಂಡಿದ್ದರೆ ಅದು ವಿಂಗ್‌ಹೆಡ್, ಯುಸ್ಫೈರಾ ಬ್ಲೋಕಿ. ಇದು ಹಿಂದೂ ಮಹಾಸಾಗರದ ಕರಾವಳಿಗಳ ಶಾರ್ಕ್, ಭಾರತದಲ್ಲೂ ಇದೆ. ಇವೆರಡನ್ನು ಮೊದಲೇ ಪಕ್ಕಕ್ಕಿಟ್ಟರೆ ಮುಂದಿನ ಕೆಲಸ ಸುಲಭ.

ತಲೆ ಎಷ್ಟು ಅಗಲ ಇದೆ ಅಂತ ಅಳೆದು ಸ್ಕ್ಯಾಲಪ್ಡ್ ಮತ್ತು ಗ್ರೇಟ್ ನಡುವೆ ತೀರ್ಮಾನ ಮಾಡಲು ಹೋಗಬೇಡಿ. ಎರಡರದ್ದೂ ಮೈಯುದ್ದದ ಕಾಲು ಭಾಗದ ಆಸುಪಾಸು ಇರುತ್ತದೆ.

ಮರಿಗಳಲ್ಲಿ ತಲೆ ಮೋಸ ಮಾಡುತ್ತದೆ, ರೆಕ್ಕೆ ಮಾಡುವುದಿಲ್ಲ

ಹೆಚ್ಚಿನ ಜನ ಎಡವುವುದು ಇಲ್ಲೇ. ಗ್ರೇಟ್‌ನ ಮರಿಗೆ ತಲೆಯ ಅಂಚು ನೇರವಾಗಿರುವುದಿಲ್ಲ, ಅದೂ ಸ್ವಲ್ಪ ಕಮಾನಾಗಿಯೇ ಇರುತ್ತದೆ, ಬೆಳೆಯುತ್ತಾ ಹೋದ ಹಾಗೆ ನೇರವಾಗುತ್ತದೆ. ಹುಟ್ಟುವಾಗ ಗ್ರೇಟ್ ಮರಿ 50ರಿಂದ 70 ಸೆಂಟಿಮೀಟರ್ ಇರುತ್ತದೆ. ಸ್ಕ್ಯಾಲಪ್ಡ್ ಮರಿ ಹುಟ್ಟುವಾಗ ಅದಕ್ಕಿಂತ ಸಣ್ಣದು, 40ರಿಂದ 55 ಸೆಂಟಿಮೀಟರ್. ಅಂದರೆ 60 ಸೆಂಟಿಮೀಟರಿನ ಒಂದು ಮರಿ ನಿಮ್ಮ ಮುಂದೆ ಇದ್ದರೆ ಅದು ಈಗಷ್ಟೇ ಹುಟ್ಟಿದ ಗ್ರೇಟ್ ಆಗಿರಬಹುದು, ಕೆಲವು ತಿಂಗಳಾದ ಸ್ಕ್ಯಾಲಪ್ಡ್ ಕೂಡ ಆಗಿರಬಹುದು. ಅಂಥ ಕಡೆ ತಲೆಯನ್ನು ಬಿಟ್ಟು ರೆಕ್ಕೆಗಳಿಗೆ ಬನ್ನಿ.

ಬೆನ್ನಿನ ಮೊದಲ ರೆಕ್ಕೆ, ನಾವು ಸಿನಿಮಾಗಳಲ್ಲಿ ನೀರಿನ ಮೇಲೆ ನೋಡುವುದು. ಗ್ರೇಟ್‌ನದ್ದು ತುಂಬಾ ಎತ್ತರ, ತುದಿ ಚೂಪು, ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿರುತ್ತದೆ. ಮೈಗೆ ಹೋಲಿಸಿದರೆ ಇಷ್ಟು ದೊಡ್ಡ ಬೆನ್ನುರೆಕ್ಕೆ ಇರುವ ಶಾರ್ಕ್ ಕಡಿಮೆ. ಸ್ಕ್ಯಾಲಪ್ಡ್‌ನದ್ದೂ ಎತ್ತರವೇ, ಆದರೆ ಇಷ್ಟಿಲ್ಲ, ಬಾಗು ಸೌಮ್ಯ.

ಬೆನ್ನಿನ ಎರಡನೆಯ ರೆಕ್ಕೆ, ಬಾಲದ ಹತ್ತಿರದ ಸಣ್ಣದು. ಇದನ್ನು ಜನ ನೋಡುವುದೇ ಇಲ್ಲ, ಆದರೆ ನನ್ನ ಪ್ರಕಾರ ಅತ್ಯಂತ ಉಪಯೋಗದ ಗುರುತು ಇದು. ಗ್ರೇಟ್‌ನಲ್ಲಿ ಇದೂ ಎತ್ತರವಾಗಿ ನಿಂತಿರುತ್ತದೆ, ಹಿಂದಿನ ಅಂಚು ಒಳಕ್ಕೆ ಆಳವಾಗಿ ಬಾಗಿರುತ್ತದೆ. ಸ್ಕ್ಯಾಲಪ್ಡ್‌ನಲ್ಲಿ ಗಿಡ್ಡ. ಅದರ ಹಿಂದಿನ ತುದಿ ಉದ್ದವಾಗಿ ಎಳೆದುಕೊಂಡು ಬಾಲದ ಬುಡದ ಹತ್ತಿರದವರೆಗೂ ಹೋಗಿರುತ್ತದೆ.

ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ. ಗ್ರೇಟ್‌ನಲ್ಲಿ ಇವುಗಳ ಹಿಂದಿನ ಅಂಚು ಕೂಡ ಒಳಕ್ಕೆ ಬಾಗಿರುತ್ತದೆ. ಸ್ಕ್ಯಾಲಪ್ಡ್‌ನಲ್ಲಿ ಆ ಅಂಚು ನೇರ.

ಈ ಮೂರು ರೆಕ್ಕೆಗಳಲ್ಲಿ ಎರಡು ಸ್ಪಷ್ಟವಾಗಿ ಕಂಡರೂ ಉತ್ತರ ಸಿಕ್ಕ ಹಾಗೆಯೇ. ಇನ್ನೂ ಅನುಮಾನ ಇದ್ದರೆ ಮಾತ್ರ ಮುಂದಿನವು. ಸ್ಕ್ಯಾಲಪ್ಡ್‌ನ ಎದೆಯ ರೆಕ್ಕೆಗಳನ್ನು ಮಗುಚಿ ನೋಡಿದರೆ ಅಡಿಭಾಗದ ತುದಿ ಕಪ್ಪಾಗಿರುತ್ತದೆ, ಗ್ರೇಟ್‌ಗೆ ಆ ಕಪ್ಪು ಇಲ್ಲ. ಗ್ರೇಟ್‌ನ ಹಲ್ಲಿನ ಅಂಚಿನಲ್ಲಿ ಗರಗಸದ ಹಾಗೆ ಸ್ಪಷ್ಟ ಕಚ್ಚುಗಳಿವೆ, ಸ್ಕ್ಯಾಲಪ್ಡ್‌ನಲ್ಲಿ ಹಲ್ಲು ನುಣುಪು ಅಥವಾ ಅಲ್ಪಸ್ವಲ್ಪ ಒರಟು. ಮೂಗಿನ ಹೊಳ್ಳೆಯಿಂದ ತಲೆಯ ಮುಂದಿನ ಅಂಚಿನ ಉದ್ದಕ್ಕೂ ಒಂದು ಗೀರು ಹೋಗಿದ್ದರೆ ಸ್ಕ್ಯಾಲಪ್ಡ್. ಗ್ರೇಟ್‌ನಲ್ಲಿ ಆ ಗೀರು ಇರುವುದಿಲ್ಲ, ಇದ್ದರೂ ತೀರಾ ಗಿಡ್ಡ.

ಗಾತ್ರ ಕೊನೆಗೆ. ಮೈಯುದ್ದ ನಾಲ್ಕೂವರೆ ಮೀಟರ್ ದಾಟಿದ್ದರೆ ಅದು ಗ್ರೇಟ್ ಅಂತ ಧೈರ್ಯವಾಗಿ ಹೇಳಬಹುದು. ಗ್ರೇಟ್ 6 ಮೀಟರ್‌ವರೆಗೂ ಬೆಳೆದ ದಾಖಲೆ ಇದೆ, ಸ್ಕ್ಯಾಲಪ್ಡ್ ನಾಲ್ಕು ಮೀಟರ್ ಮುಟ್ಟಿದರೆ ಅದೇ ದೊಡ್ಡದು. ಆದರೆ ಸಣ್ಣ ಶಾರ್ಕ್ ಕಂಡಾಗ 'ಸಣ್ಣದು, ಹಾಗಾಗಿ ಸ್ಕ್ಯಾಲಪ್ಡ್' ಅನ್ನಬೇಡಿ. ಗ್ರೇಟ್ ಕೂಡ ಒಂದು ಕಾಲಕ್ಕೆ ಸಣ್ಣದಾಗಿಯೇ ಇರುತ್ತದೆ ಅಲ್ವಾ.

ವಿಜ್ಞಾನಿಗಳಿಗೂ ಇದು ಕಷ್ಟವಾಗಿತ್ತು

ಗುರುತು ಹಿಡಿಯುವುದು ಕಷ್ಟ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಬಹಳ ವರ್ಷ ಪುಸ್ತಕಗಳಲ್ಲಿ ಗ್ರೇಟ್ ಹ್ಯಾಮರ್‌ಹೆಡ್‌ಗೆ ಸ್ಫಿರ್ನಾ ಟ್ಯೂಡಿಸ್ ಎಂಬ ಹೆಸರಿತ್ತು. 1950ರಲ್ಲಿ ಇಟಲಿಯ ಎನ್ರಿಕೊ ಟೊರ್ಟೊನೀಸೆ ಹಳೆಯ ಮಾದರಿಗಳನ್ನು ಮತ್ತೆ ತೆಗೆದು ನೋಡಿದಾಗ ಆ ಹೆಸರು ಸೇರಬೇಕಾದದ್ದು ದಕ್ಷಿಣ ಅಮೆರಿಕದ ಒಂದು ಸಣ್ಣ ಹ್ಯಾಮರ್‌ಹೆಡ್‌ಗೆ ಎಂದು ಗೊತ್ತಾಯಿತು. ಆಮೇಲೆ ಗ್ರೇಟ್‌ಗೆ ಮೊಕರ್ರಾನ್ ಎಂಬ ಹೆಸರು ನೆಲೆ ನಿಂತಿತು. ಹಳೆಯ ಪುಸ್ತಕ, ಹಳೆಯ ವರದಿ ಓದುವಾಗ ಇದನ್ನು ನೆನಪಿಡಿ.

ಇನ್ನೊಂದು ಇನ್ನೂ ಹತ್ತಿರದ ಕಾಲದ್ದು. 2013ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾ ಕರಾವಳಿಯಿಂದ ಒಂದು ಹೊಸ ಜಾತಿಯನ್ನು ವಿವರಿಸಿದರು, ಹೆಸರು ಕ್ಯಾರೊಲಿನಾ ಹ್ಯಾಮರ್‌ಹೆಡ್, ಸ್ಫಿರ್ನಾ ಗಿಲ್ಬರ್ಟಿ. ಹೊರಗಿನಿಂದ ನೋಡಿದರೆ ಇದು ಸ್ಕ್ಯಾಲಪ್ಡ್ ತರಹವೇ. ಬೆನ್ನುಮೂಳೆಯ ಮಣಿಗಳು ಸುಮಾರು ಹತ್ತು ಕಡಿಮೆ, ವಂಶವಾಹಿ ಬೇರೆ, ಅಷ್ಟೇ. ಕಾರ್ಟರ್ ಗಿಲ್ಬರ್ಟ್ ಎಂಬ ಮೀನುವಿಜ್ಞಾನಿ 1967ರಲ್ಲೇ ಮಣಿ ಕಡಿಮೆ ಇದ್ದ ಒಂದು ಮಾದರಿಯನ್ನು ಗಮನಿಸಿದ್ದರು, ಅವರ ಹೆಸರನ್ನೇ ಈ ಜಾತಿಗೆ ಇಟ್ಟರು. ಇದರ ಅರ್ಥ ಏನು ಗೊತ್ತಾ? ಅಮೆರಿಕದ ಆ ಭಾಗದಲ್ಲಿ ಅಲ್ಲಿವರೆಗೆ 'ಸ್ಕ್ಯಾಲಪ್ಡ್ ಇಷ್ಟಿವೆ' ಅಂತ ಬರೆದಿಟ್ಟ ಲೆಕ್ಕದಲ್ಲಿ ಇನ್ನೊಂದು ಜಾತಿಯೂ ಸೇರಿಕೊಂಡಿತ್ತು. ನಿಜವಾದ ಸ್ಕ್ಯಾಲಪ್ಡ್‌ಗಳು ಅಂದುಕೊಂಡದ್ದಕ್ಕಿಂತ ಕಡಿಮೆ. ಅಲ್ಲಿ ಮಾತ್ರ ಫೋಟೊ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಬದುಕುವ ರೀತಿ ನೋಡಿ, ಅಪಾಯ ಅರ್ಥವಾಗುತ್ತದೆ

ಗುರುತಿಸಿದ ಕೂಡಲೇ ಪಟ್ಟಿಗೆ ಹಾರಬೇಡಿ. ನಡುವೆ ಈ ಒಂದು ಮೆಟ್ಟಿಲಿದೆ.

ಸ್ಕ್ಯಾಲಪ್ಡ್ ಗುಂಪಿನ ಪ್ರಾಣಿ. ಕೋಸ್ಟರಿಕದ ಕೋಕೋಸ್ ದ್ವೀಪ, ಕೊಲಂಬಿಯದ ಮಾಲ್ಪೆಲೊ, ಗಲಾಪಗೋಸ್‌ನ ಡಾರ್ವಿನ್ ಮತ್ತು ವುಲ್ಫ್ ದ್ವೀಪಗಳ ಸುತ್ತ ನೂರಾರು ಶಾರ್ಕ್‌ಗಳು ಹಗಲಿನಲ್ಲಿ ಒಟ್ಟಿಗೆ ಈಜುತ್ತವೆ, ರಾತ್ರಿ ಚದುರಿ ಬೇಟೆಗೆ ಹೋಗುತ್ತವೆ. ವಿಡಿಯೊಗಳಲ್ಲಿ ತಲೆ ಮೇಲೆ ಹಿಂಡು ಹಿಂಡಾಗಿ ಹೋಗುವ ಹ್ಯಾಮರ್‌ಹೆಡ್‌ಗಳು ಬಹುಪಾಲು ಇವೇ. ಮರಿ ಹಾಕಲು ಆಳವಿಲ್ಲದ ಕೊಲ್ಲಿಗಳಿಗೆ ಬರುತ್ತವೆ, ಹವಾಯಿಯ ಕನೇವೊಹೆ ಕೊಲ್ಲಿ ಇದಕ್ಕೆ ಚೆನ್ನಾಗಿ ಅಧ್ಯಯನವಾದ ಉದಾಹರಣೆ. ರಾತ್ರಿ ಆಳಕ್ಕೆ ಧುಮುಕುವುದರಲ್ಲೂ ಇದು ಗಟ್ಟಿಗ. ಹವಾಯಿಯಲ್ಲಿ ಶಾರ್ಕ್‌ಗಳಿಗೆ ಯಂತ್ರ ಕಟ್ಟಿ ನೋಡಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವು 800 ಮೀಟರ್‌ಗಿಂತ ಕೆಳಗೆ ಹೋಗುತ್ತವೆ, ಅಲ್ಲಿನ ಕೊರೆಯುವ ನೀರಿನಲ್ಲಿ ಮೈ ತಣ್ಣಗಾಗದ ಹಾಗೆ ಕಿವಿರು ಮುಚ್ಚಿಕೊಂಡು, ನಾವು ಉಸಿರು ಬಿಗಿಹಿಡಿದ ಹಾಗೆ ಇರುತ್ತವೆ. ಮೀನಿಗೆ ಉಸಿರು ಬಿಗಿಹಿಡಿಯುವುದು! ಓದಿದಾಗ ನನಗಂತೂ ಖುಷಿ ತಡೆಯಲಾಗಲಿಲ್ಲ.

ಈ ಬದುಕಿನಿಂದ ಎರಡು ಅಪಾಯ ಬರುತ್ತವೆ. ಗುಂಪು ಸೇರುವ ಜಾಗ ಗೊತ್ತಾದರೆ ಒಂದೇ ಸಲಕ್ಕೆ ತುಂಬಾ ಶಾರ್ಕ್ ಬಲೆಗೆ ಬೀಳುತ್ತವೆ. ಮರಿಗಳು ಕರಾವಳಿಯ ಹತ್ತಿರ ಇರುವುದರಿಂದ ಟ್ರಾಲ್ ಬೋಟ್, ಗಿಲ್‌ನೆಟ್ ಎಲ್ಲಕ್ಕೂ ಸಿಗುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಲ್ಪೆ, ಮಂಗಳೂರಿನ ಮೀನು ಇಳಿಸುವ ಧಕ್ಕೆಗಳಲ್ಲಿ ಹ್ಯಾಮರ್‌ಹೆಡ್ ಬಂದರೆ ಹೆಚ್ಚಾಗಿ ಅದು ಸ್ಕ್ಯಾಲಪ್ಡ್. ತಾಟೆ ಅಂತಲೋ, ಕೊಂಕಣಿ ಮನೆಗಳಿಗೆ ಮೋರಿ ಅಂತಲೋ ಬೇರೆ ಶಾರ್ಕ್ ಮರಿಗಳ ಜೊತೆಗೇ ಮಾರಾಟವಾಗಿಬಿಡುತ್ತದೆ.

ಗ್ರೇಟ್ ಒಂಟಿ. ದೊಡ್ಡ ಪ್ರದೇಶ ಸುತ್ತುತ್ತದೆ, ಎಲ್ಲೂ ಹಿಂಡು ಕಟ್ಟುವುದಿಲ್ಲ, ಬಹಮಾಸ್‌ನ ಬಿಮಿನಿಯಲ್ಲಿ ಚಳಿಗಾಲದಲ್ಲಿ ಕೆಲವು ಒಂದೇ ಕಡೆ ಕಾಣಿಸಿಕೊಳ್ಳುವುದುಂಟು. ಇದರ ಮೆಚ್ಚಿನ ಊಟ ತೊರಕೆ, ಅಂದರೆ ಚಪ್ಪಟೆ ಮೈಯ ರೇ ಮೀನು. ಮರಳಿನಲ್ಲಿ ಅಡಗಿದ ತೊರಕೆಯನ್ನು ತಲೆಯಿಂದ ಒತ್ತಿಹಿಡಿದು, ರೆಕ್ಕೆ ಕಚ್ಚಿ, ಓಡದ ಹಾಗೆ ಮಾಡಿ ತಿನ್ನುತ್ತದೆ. ಬಿಮಿನಿಯಲ್ಲಿ ನೋಡಿದ ಇಂಥ ಬೇಟೆಯ ವರದಿ ಸುಮಾರು 1990ರ ಹೊತ್ತಿಗೆ ಪ್ರಕಟವಾಯಿತು. ಆ ಎತ್ತರದ ಬೆನ್ನುರೆಕ್ಕೆಗೂ ಒಂದು ಕೆಲಸ ಇದೆ. ಗ್ರೇಟ್ ಹ್ಯಾಮರ್‌ಹೆಡ್‌ಗಳು ಬಹಳ ಹೊತ್ತು ಮೈ ವಾಲಿಸಿಕೊಂಡು, ಒಂದು ಮಗ್ಗುಲಲ್ಲಿ ಈಜುತ್ತವೆ. 2016ರ ಅಧ್ಯಯನ ಇದಕ್ಕೆ ಕಾರಣ ತೋರಿಸಿತು: ವಾಲಿದಾಗ ಬೆನ್ನುರೆಕ್ಕೆಯೂ ಎದೆಯ ರೆಕ್ಕೆಯ ಹಾಗೆ ಮೈಯನ್ನು ಎತ್ತಿಹಿಡಿಯುತ್ತದೆ, ಈಜುವ ಶ್ರಮ ಸುಮಾರು 10 ಶೇಕಡ ಕಡಿಮೆಯಾಗುತ್ತದೆ. ಶಾರ್ಕ್ ರೆಕ್ಕೆಯ ಸೂಪ್ ಮಾಡುವವರು ಕೊಳ್ಳುವ ಮಾರುಕಟ್ಟೆಯಲ್ಲಿ ಅದೇ ರೆಕ್ಕೆಗೆ ಬೆಲೆ ಜಾಸ್ತಿ.

ಎರಡಕ್ಕೂ ಇರುವ ಒಂದು ದೌರ್ಬಲ್ಯ ಮರೆಯಬಾರದು. ಹ್ಯಾಮರ್‌ಹೆಡ್‌ಗಳು ಗಾಳಕ್ಕೆ ಸಿಕ್ಕರೆ ಬೇಗ ಸಾಯುತ್ತವೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ತಳಕ್ಕೆ ಹಾಕುವ ಲಾಂಗ್‌ಲೈನ್ ಗಾಳಗಳನ್ನು (ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿದ ಗಾಳಗಳು) ಗಮನಿಸಿದಾಗ, ಬೋಟಿಗೆ ಎಳೆಯುವಷ್ಟರಲ್ಲಿ ಎರಡೂ ಜಾತಿಗಳಲ್ಲಿ 90 ಶೇಕಡಕ್ಕಿಂತ ಹೆಚ್ಚು ಸತ್ತಿದ್ದವು. ಹಾಗಾಗಿ 'ಸಿಕ್ಕರೆ ವಾಪಸ್ ಬಿಡಿ' ಎಂಬ ನಿಯಮ ಬೇರೆ ಶಾರ್ಕ್‌ಗಳಿಗೆ ಕೆಲಸ ಮಾಡಿದಷ್ಟು ಇವಕ್ಕೆ ಮಾಡುವುದಿಲ್ಲ. ಸತ್ತ ಶಾರ್ಕನ್ನು ಬಿಟ್ಟು ಏನು ಉಪಯೋಗ? ಗಾಳವೇ ಬೀಳದ ಜಾಗ, ಬಲೆಯೇ ಇಳಿಯದ ಕಾಲ ಬೇಕು.

ಹುಟ್ಟುವ ಲೆಕ್ಕವನ್ನೂ ನೋಡಿ. ಎರಡೂ ಮರಿ ಹಾಕುತ್ತವೆ, ಮೊಟ್ಟೆ ಇಡುವುದಿಲ್ಲ. ಒಂದು ಸೂಲಿಗೆ ಹತ್ತು ಹನ್ನೆರಡರಿಂದ ನಲವತ್ತರವರೆಗೂ ಮರಿ. 2006ರಲ್ಲಿ ಫ್ಲೋರಿಡಾದ ಬೋಕಾ ಗ್ರಾಂಡೆಯಲ್ಲಿ ಗಾಳಕ್ಕೆ ಸಿಕ್ಕ 580 ಕಿಲೊ ತೂಕದ ಗ್ರೇಟ್ ಹೊಟ್ಟೆಯಲ್ಲಿ 55 ಮರಿಗಳಿದ್ದವು. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಗ್ರೇಟ್ ಮರಿ ಹಾಕುವುದು ಎರಡು ವರ್ಷಕ್ಕೊಮ್ಮೆ, ಗರ್ಭದ ಅವಧಿ ಸುಮಾರು 11 ತಿಂಗಳು. ಬಂಗುಡೆ, ಬೂತಾಯಿಯಂಥ ಮೀನು ಸಾವಿರಗಟ್ಟಲೆ ಮೊಟ್ಟೆ ಇಟ್ಟು ನಷ್ಟ ತುಂಬಿಕೊಳ್ಳುವ ಹಾಗೆ ಶಾರ್ಕ್‌ಗೆ ಆಗುವುದಿಲ್ಲ. ಒಂದು ದೊಡ್ಡ ಹೆಣ್ಣು ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಈಗ ಕೆಂಪುಪಟ್ಟಿ ತೆರೆಯಿರಿ

ಐಯುಸಿಎನ್ ರೆಡ್ ಲಿಸ್ಟ್ ವೆಬ್‌ಸೈಟಿನಲ್ಲಿ ಸಾಮಾನ್ಯ ಹೆಸರಿನಿಂದ ಹುಡುಕಬೇಡಿ. ವೈಜ್ಞಾನಿಕ ಹೆಸರು ಹಾಕಿ. ಪ್ರತಿ ಜಾತಿಗೂ ಒಂದು ಪುಟ ಇದೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ವೃತ್ತದಲ್ಲಿ ಎರಡು ಅಕ್ಷರ. ಹೆಚ್ಚಿನವರು ಅದನ್ನು ನೋಡಿ ಪುಟ ಮುಚ್ಚುತ್ತಾರೆ. ನೀವು ಮುಚ್ಚಬೇಡಿ.

ಸ್ಕ್ಯಾಲಪ್ಡ್ ಮತ್ತು ಗ್ರೇಟ್ ಎರಡಕ್ಕೂ ಅಲ್ಲಿ ಸಿಗುವುದು ಕ್ರಿಟಿಕಲಿ ಎಂಡೇಂಜರ್ಡ್, ಅಂದರೆ ಅಳಿವಿಗೆ ತೀರಾ ಹತ್ತಿರ. ಇದಕ್ಕಿಂತ ಮುಂದೆ ಉಳಿದಿರುವುದು ಕಾಡಿನಲ್ಲೋ ಕಡಲಲ್ಲೋ ಇಲ್ಲವಾಗುವುದು ಮಾತ್ರ. 2007ರ ಮೌಲ್ಯಮಾಪನದಲ್ಲಿ ಎರಡೂ ಒಂದು ಮೆಟ್ಟಿಲು ಮೇಲೆ, ಎಂಡೇಂಜರ್ಡ್ ದರ್ಜೆಯಲ್ಲಿದ್ದವು. 2019ರಲ್ಲಿ ಪ್ರಕಟವಾದ ಹೊಸ ಮೌಲ್ಯಮಾಪನದಲ್ಲಿ ಎರಡೂ ಕೆಳಗಿಳಿದವು. ಸ್ಮೂತ್ ಹ್ಯಾಮರ್‌ಹೆಡ್ ವಲ್ನರಬಲ್ ದರ್ಜೆಯಲ್ಲಿದೆ, ಇವೆರಡಕ್ಕಿಂತ ಎರಡು ಮೆಟ್ಟಿಲು ಸುರಕ್ಷಿತ. ತಲೆಯ ನಡುವಿನ ಒಂದು ಕಚ್ಚು ನೋಡದೆ ಹೋದರೆ ಎಷ್ಟು ದೊಡ್ಡ ತಪ್ಪಾಗುತ್ತದೆ ಅಂತ ಈಗ ಗೊತ್ತಾಯಿತಲ್ಲ.

ದರ್ಜೆಯ ಕೆಳಗೆ 'ಎ2' ಅಂತ ಶುರುವಾಗುವ ಒಂದು ಸಂಕೇತ ಇರುತ್ತದೆ. ಅದನ್ನು ಓದಲು ಕಲಿಯಿರಿ, ಕಷ್ಟ ಏನಿಲ್ಲ. 'ಎ' ಅಂದರೆ ಸಂಖ್ಯೆ ಕುಸಿದ ವೇಗದ ಮೇಲೆ ದರ್ಜೆ ಕೊಟ್ಟಿದ್ದಾರೆ ಅಂತ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಆ ಅವಧಿಯಲ್ಲಿ 30 ಶೇಕಡ ಕುಸಿದರೆ ವಲ್ನರಬಲ್, 50 ಶೇಕಡ ಕುಸಿದರೆ ಎಂಡೇಂಜರ್ಡ್, 80 ಶೇಕಡ ಕುಸಿದರೆ ಕ್ರಿಟಿಕಲಿ ಎಂಡೇಂಜರ್ಡ್. ನಮ್ಮ ಎರಡು ಶಾರ್ಕ್‌ಗಳಿಗೆ ಒಂದು ತಲೆಮಾರು ಅಂದರೆ ಸುಮಾರು 24–25 ವರ್ಷ. ಮೂರು ತಲೆಮಾರು ಅಂದರೆ 70 ವರ್ಷದ ಮೇಲೆ. ಅಷ್ಟು ಕಾಲದಲ್ಲಿ ಲೋಕದ ಒಟ್ಟು ಸಂಖ್ಯೆ 80 ಶೇಕಡಕ್ಕಿಂತ ಹೆಚ್ಚು ಇಳಿದಿದೆ ಎಂಬುದು ಅಂದಾಜು. ನಮ್ಮ ಅಜ್ಜಂದಿರ ಕಾಲದಲ್ಲಿ ಹತ್ತು ಇದ್ದ ಕಡೆ ಈಗ ಎರಡೂ ಇಲ್ಲ.

ಇದರಲ್ಲಿ ಎರಡು ವಿಷಯ ಬೇರೆ ಮಾಡಿಕೊಳ್ಳಿ. ಈ ದರ್ಜೆ 'ಎಷ್ಟು ಉಳಿದಿವೆ' ಎಂಬುದನ್ನು ಹೇಳುವುದಿಲ್ಲ, 'ಎಷ್ಟು ಬೇಗ ಕರಗಿವೆ' ಎಂಬುದನ್ನು ಹೇಳುತ್ತದೆ. ಹಾಗಾಗಿ 'ಮಲ್ಪೆಯಲ್ಲಿ ಬರುತ್ತಲೇ ಇದೆಯಲ್ಲ, ಅದು ಹೇಗೆ ಅಳಿವಿನ ಅಂಚು?' ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇನ್ನೊಂದು, ಇದು ಇಡೀ ಲೋಕದ ಸರಾಸರಿ. ಪುಟದಲ್ಲಿ ಇನ್ನೂ ಕೆಳಗೆ ಹೋದರೆ ಸಾಗರದ ಭಾಗಗಳ ಮಾಹಿತಿ ಬೇರೆ ಬೇರೆಯಾಗಿ ಸಿಗುತ್ತದೆ. ದಕ್ಷಿಣ ಆಫ್ರಿಕಾದ ಕ್ವಾಝುಲು-ನಟಾಲ್ ಕರಾವಳಿಯಲ್ಲಿ ಸ್ನಾನದ ಬೀಚುಗಳನ್ನು ಕಾಯಲು ಹಾಕಿದ ಬಲೆಗಳ ಲೆಕ್ಕ ದಶಕಗಳಿಂದ ಇದೆ, ಅಲ್ಲಿ ಎರಡೂ ಜಾತಿಗಳು ಕಡಿಮೆಯಾಗಿರುವುದು ಕಾಣುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ 1993ರಿಂದ ಶಾರ್ಕ್ ಮೀನುಗಾರಿಕೆಗೆ ಯೋಜನೆ, ಮಿತಿ ಎಲ್ಲ ಇವೆ, ಅಲ್ಲಿನ ಕತೆ ಬೇರೆ. ಅರಬ್ಬೀ ಸಮುದ್ರ ಮತ್ತು ಸುತ್ತಲಿನ ಕಡಲಿನ ಶಾರ್ಕ್, ತೊರಕೆಗಳ ಬಗ್ಗೆ 2017ರಲ್ಲಿ ಪ್ರತ್ಯೇಕ ವರದಿ ಬಂದಿದೆ. ನಮ್ಮ ಕರಾವಳಿಯ ಬಗ್ಗೆ ಬರೆಯುವವರು ಲೋಕದ ದರ್ಜೆಯ ಜೊತೆಗೆ ಅದನ್ನೂ ಓದಲೇಬೇಕು.

ಕಾನೂನು ಬೇರೆ, ಪಟ್ಟಿ ಬೇರೆ

ಕೆಂಪುಪಟ್ಟಿ ಕಾನೂನಲ್ಲ. ಅದು ಎಚ್ಚರಿಕೆ. ಅದರಲ್ಲಿ ಎಷ್ಟೇ ಕೆಳಗಿದ್ದರೂ ಯಾವ ದೇಶವೂ ಆ ಕಾರಣಕ್ಕೆ ಮಾತ್ರ ಹಿಡಿಯುವುದನ್ನು ನಿಲ್ಲಿಸಬೇಕಾಗಿಲ್ಲ. ಕಾನೂನಿಗೆ ಬೇರೆ ಕಡೆ ನೋಡಬೇಕು.

ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದ. 2013ರ ಮಾರ್ಚ್‌ನಲ್ಲಿ ಬ್ಯಾಂಕಾಕ್ ಸಭೆಯಲ್ಲಿ ಸ್ಕ್ಯಾಲಪ್ಡ್, ಗ್ರೇಟ್, ಸ್ಮೂತ್ ಮೂರನ್ನೂ ಎರಡನೆಯ ಅನುಬಂಧಕ್ಕೆ ಸೇರಿಸಿದರು, 2014ರ ಸೆಪ್ಟೆಂಬರ್ 14ರಿಂದ ಜಾರಿಗೆ ಬಂತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಕುಸಿತದ ಆಧಾರದ ಮೇಲೆ ಮುಂದಿಟ್ಟ ಜಾತಿ ಸ್ಕ್ಯಾಲಪ್ಡ್. ಗ್ರೇಟ್ ಮತ್ತು ಸ್ಮೂತ್ ಸೇರಿದ್ದು ಅದರ ಹಾಗೇ ಕಾಣುತ್ತವೆ ಎಂಬ ಕಾರಣಕ್ಕೆ: ಕತ್ತರಿಸಿ ಒಣಗಿಸಿದ ರೆಕ್ಕೆ ಚೀಲದಲ್ಲಿ ಬಂದಾಗ ಕಸ್ಟಮ್ಸ್ ಅಧಿಕಾರಿಗೆ ಯಾವುದು ಯಾವುದು ಅಂತ ತಿಳಿಯುವುದು ಕಷ್ಟ, ಒಂದನ್ನು ಮಾತ್ರ ಸೇರಿಸಿದರೆ ಅದನ್ನು ಇನ್ನೊಂದರ ಹೆಸರಿನಲ್ಲಿ ಸಾಗಿಸಿಬಿಡುತ್ತಾರೆ. ಗ್ರೇಟ್‌ಗೆ ರಕ್ಷಣೆ ಸಿಕ್ಕಿದ್ದು ಹೀಗೆ, ನೆಂಟನ ಹೋಲಿಕೆಯಿಂದ. ಆದರೆ ಹಾಂಗ್‌ಕಾಂಗ್‌ನ ರೆಕ್ಕೆ ವ್ಯಾಪಾರಿಗಳಿಗೆ ಈ ಕಷ್ಟ ಇರಲೇ ಇಲ್ಲ. ಅವರು ಗ್ರೇಟ್‌ನ ರೆಕ್ಕೆಯನ್ನು 'ಗು ಪಿಯನ್' ಅಂತ, ಸ್ಕ್ಯಾಲಪ್ಡ್ ಮತ್ತು ಸ್ಮೂತ್ ರೆಕ್ಕೆಗಳನ್ನು 'ಚುನ್ ಚಿ' ಅಂತ ಬೇರೆ ಬೇರೆ ರಾಶಿ ಮಾಡಿ ಮಾರುತ್ತಿದ್ದರು. ಮಾರುವವರಿಗೆ ಕಾಣುವ ವ್ಯತ್ಯಾಸ ಕಾಯುವವರಿಗೂ ಕಾಣಬೇಕು, ಅದಕ್ಕೇ ನಾನು ರೆಕ್ಕೆಯ ಗುರುತುಗಳಿಗೆ ಇಷ್ಟು ಒತ್ತು ಕೊಡುವುದು. 2022ರ ಪನಾಮಾ ಸಭೆಯಲ್ಲಿ ಉಳಿದ ಹ್ಯಾಮರ್‌ಹೆಡ್‌ಗಳೂ ಎರಡನೆಯ ಅನುಬಂಧಕ್ಕೆ ಬಂದವು.

ಎರಡನೆಯ ಅನುಬಂಧ ಅಂದರೆ ವ್ಯಾಪಾರ ನಿಷೇಧ ಅಂತ ಅಲ್ಲ. ಇದನ್ನು ಬಹಳ ಜನ ತಪ್ಪು ಬರೆಯುತ್ತಾರೆ. ಈ ರಫ್ತಿನಿಂದ ಜಾತಿಯ ಉಳಿವಿಗೆ ಧಕ್ಕೆ ಇಲ್ಲ ಅಂತ ಕಳಿಸುವ ದೇಶದ ವಿಜ್ಞಾನ ಸಂಸ್ಥೆ ಹೇಳಬೇಕು, ಆಮೇಲೆ ಪರವಾನಗಿ. ನಿಷೇಧ ಇರುವುದು ಒಂದನೆಯ ಅನುಬಂಧದಲ್ಲಿ.

ಅಮೆರಿಕದ ಕಾನೂನಿನಲ್ಲಿ ಈ ಎರಡು ನೆಂಟರ ದಾರಿ ಪೂರ್ತಿ ಬೇರೆಯಾಯಿತು. 2014ರಲ್ಲಿ ಅಲ್ಲಿನ ಎಂಡೇಂಜರ್ಡ್ ಸ್ಪೀಷೀಸ್ ಆಕ್ಟ್ ಪಟ್ಟಿಗೆ ಸೇರಿದ ಮೊದಲ ಶಾರ್ಕ್ ಸ್ಕ್ಯಾಲಪ್ಡ್. ಅದೂ ಇಡೀ ಜಾತಿ ಅಲ್ಲ, ಲೋಕದ ಸ್ಕ್ಯಾಲಪ್ಡ್‌ಗಳನ್ನು ಆರು ಗುಂಪು ಮಾಡಿ ಅದರಲ್ಲಿ ನಾಲ್ಕನ್ನು ಸೇರಿಸಿದರು. ಪೂರ್ವ ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್ ಗುಂಪುಗಳಿಗೆ ಎಂಡೇಂಜರ್ಡ್, ಇನ್ನೆರಡಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದ ಥ್ರೆಟನ್ಡ್. ನಮ್ಮ ಕಡಲಿನವು ಈ ಎರಡನೆಯ ಬಗೆಯ ಇಂಡೊ-ವೆಸ್ಟ್ ಪೆಸಿಫಿಕ್ ಗುಂಪಿನಲ್ಲಿವೆ. ಅದೇ ವರ್ಷ ಗ್ರೇಟ್‌ನ ಅರ್ಜಿಯನ್ನೂ ನೋಡಿದರು, ಸೇರಿಸುವ ಅಗತ್ಯ ಇಲ್ಲ ಅಂದರು. ಅಂದರೆ ಒಂದೇ ಜಾತಿಗೆ ಒಂದೇ ದೇಶದ ಕಾನೂನಿನಲ್ಲಿ ಮೂರು ಬಗೆಯ ಸ್ಥಿತಿ ಇರಬಹುದು, ಐಯುಸಿಎನ್‌ನಲ್ಲಿ ಸಮ ಸಮ ಇರುವ ಎರಡು ಜಾತಿಗಳಲ್ಲಿ ಒಂದು ಕಾನೂನಿನ ಒಳಗೆ, ಇನ್ನೊಂದು ಹೊರಗೆ ಇರಬಹುದು. 'ಎಂಡೇಂಜರ್ಡ್' ಅಂತ ಎಲ್ಲೇ ಓದಿದರೂ ಯಾವ ಪಟ್ಟಿಯಲ್ಲಿ ಅಂತ ಕೇಳಿಕೊಳ್ಳಿ.

ಅಟ್ಲಾಂಟಿಕ್‌ನಲ್ಲಿ ಟ್ಯೂನಾ ಮೀನುಗಾರಿಕೆ ನೋಡಿಕೊಳ್ಳುವ ಐಕ್ಯಾಟ್ ಸಂಸ್ಥೆ 2010ರಲ್ಲಿ ಬಾನೆಟ್‌ಹೆಡ್ ಎಂಬ ಸಣ್ಣ ಹ್ಯಾಮರ್‌ಹೆಡ್ ಒಂದನ್ನು ಬಿಟ್ಟು ಉಳಿದ ಹ್ಯಾಮರ್‌ಹೆಡ್‌ಗಳನ್ನು ಬೋಟಿನಲ್ಲಿ ಇಟ್ಟುಕೊಳ್ಳಬಾರದು ಅಂದಿತು, ಬಡ ಕರಾವಳಿ ದೇಶಗಳ ಸ್ಥಳೀಯ ಊಟಕ್ಕೆ ವಿನಾಯಿತಿ ಕೊಟ್ಟು.

ಭಾರತದ್ದು ಹೀಗಿದೆ. 2001ರ ಜುಲೈನಲ್ಲಿ ಎಲ್ಲ ಶಾರ್ಕ್, ತೊರಕೆಗಳನ್ನೂ ವನ್ಯಜೀವಿ ಕಾಯ್ದೆಯ ಒಂದನೆಯ ಷೆಡ್ಯೂಲ್‌ಗೆ ಹಾಕಿದರು, ಅಂದರೆ ಹಿಡಿಯುವುದೂ ಮಾರುವುದೂ ಅಪರಾಧ. ಮೀನುಗಾರರ ಬದುಕಿಗೇ ಪೆಟ್ಟು ಬಿತ್ತು, ವಿರೋಧ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ಪಟ್ಟಿಯನ್ನು ಹತ್ತು ಜಾತಿಗೆ ಇಳಿಸಿದರು. ಬೇರೆ ಮಾಡಿ ನೋಡದೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಮೀನುಗಾರನಿಗೂ ಅನ್ಯಾಯ, ಶಾರ್ಕಿಗೂ ಉಪಯೋಗ ಇಲ್ಲ. 2013ರಲ್ಲಿ ರೆಕ್ಕೆ ಮಾತ್ರ ಕತ್ತರಿಸಿ ಮೈಯನ್ನು ಕಡಲಿಗೆ ಎಸೆಯುವುದನ್ನು ನಿಷೇಧಿಸಿದರು, ಶಾರ್ಕ್ ದಡಕ್ಕೆ ಬರುವಾಗ ರೆಕ್ಕೆ ಮೈಗೆ ಅಂಟಿಕೊಂಡೇ ಇರಬೇಕು. 2015ರ ಫೆಬ್ರವರಿಯಲ್ಲಿ ಎಲ್ಲ ಜಾತಿಯ ಶಾರ್ಕ್ ರೆಕ್ಕೆಗಳ ರಫ್ತನ್ನೂ ನಿಲ್ಲಿಸಿದರು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಹೊಸ ಷೆಡ್ಯೂಲ್‌ಗಳು ಬಂದಿವೆ. ಹಳೆಯ ಲೇಖನಗಳನ್ನು ನಂಬದೆ ಆ ಹೊಸ ಷೆಡ್ಯೂಲನ್ನೇ ತೆರೆದು, ವೈಜ್ಞಾನಿಕ ಹೆಸರಿನಿಂದ ಹುಡುಕಿ.

ಬಂದರಿನಲ್ಲಿ ಕಂಡರೆ ಏನು ಮಾಡಬೇಕು

ಮೊದಲು ಮೀನಿನವರನ್ನು ಕೇಳಿ. 'ಅಣ್ಣ, ಒಂದು ಫೋಟೊ ತೆಗೀಲಾ?', 'ಅಕ್ಕ, ಇದನ್ನು ಸ್ವಲ್ಪ ಮಗುಚಿ ತೋರಿಸ್ತೀರಾ?' ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವರನ್ನು ಕಳ್ಳರ ಹಾಗೆ ನೋಡಬೇಡಿ. ಬಲೆಗೆ ಏನು ಬೀಳುತ್ತದೆ ಎಂಬುದು ಅವರ ಕೈಯಲ್ಲಿಲ್ಲ, ಮತ್ತು ಈ ಮೀನು ಯಾವ ತಿಂಗಳು, ಎಷ್ಟು ಆಳದಲ್ಲಿ ಸಿಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಬೋಟಿನವರ ಮುಖ, ಬೋಟಿನ ನಂಬರ್ ಫೋಟೊದಲ್ಲಿ ಬರದ ಹಾಗೆ ನೋಡಿಕೊಳ್ಳಿ.

ನಾಲ್ಕು ಫೋಟೊ ಸಾಕು. ತಲೆಯನ್ನು ನೇರ ಮೇಲಿನಿಂದ ಒಂದು, ವಾರೆಯಾಗಿ ತೆಗೆದರೆ ನೇರ ಅಂಚೂ ಕಮಾನಾಗಿ ಕಾಣುತ್ತದೆ. ಇಡೀ ಮೈ ಬದಿಯಿಂದ ಒಂದು, ಎರಡೂ ಬೆನ್ನುರೆಕ್ಕೆ ಬರಬೇಕು, ರೆಕ್ಕೆ ಮಡಚಿದ್ದರೆ ಎತ್ತಿ ನಿಲ್ಲಿಸಿ. ಹೊಟ್ಟೆಯ ರೆಕ್ಕೆಗಳು ಒಂದು. ಎದೆಯ ರೆಕ್ಕೆಯ ಅಡಿಭಾಗ ಒಂದು. ಪಕ್ಕದಲ್ಲಿ ಸ್ಕೇಲ್ ಇಡಿ, ಇಲ್ಲದಿದ್ದರೆ ಪೆನ್ನು, ಚಪ್ಪಲಿ ಏನಾದರೂ. ದಿನ, ಬಂದರು, ಬಲೆಯ ಬಗೆ ಬರೆದುಕೊಳ್ಳಿ. ಹೆಣ್ಣೋ ಗಂಡೋ ಅಂತಲೂ ನೋಡಬಹುದು, ಗಂಡಿಗೆ ಹೊಟ್ಟೆಯ ರೆಕ್ಕೆಗಳ ಒಳಬದಿಯಲ್ಲಿ ಎರಡು ಕೊಳವೆಯಂಥ ಅಂಗಗಳಿರುತ್ತವೆ.

ಊಟಕ್ಕೆ ಕೊಳ್ಳುವವರಿಗೆ ನನ್ನದೊಂದು ಕೋರಿಕೆ ಇದೆ. ಬುಟ್ಟಿಯಲ್ಲಿ ಸುತ್ತಿಗೆ ತಲೆಯ ಮರಿ ಕಂಡರೆ ಅದನ್ನು ಬಿಟ್ಟು ಬೇರೆ ಮೀನು ಕೊಳ್ಳಿ. ಒಂದು ಹೆಣ್ಣು ಹ್ಯಾಮರ್‌ಹೆಡ್ ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷ ದಾಟುವುದೂ ಉಂಟು, ಆ ಬುಟ್ಟಿಯಲ್ಲಿರುವುದು ಒಂದು ಸಲವೂ ಮರಿ ಹಾಕದ ಕೂಸು. ಕೊಳ್ಳುವವರಿದ್ದಾರೆ ಅಂತಲೇ ಅದು ದಡಕ್ಕೆ ಬರುತ್ತದೆ.

ಫೋಟೊಗಳನ್ನು ಐನ್ಯಾಚುರಲಿಸ್ಟ್‌ನಂಥ, ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ವೆಬ್‌ಸೈಟಿಗೆ ಹಾಕಿ, ಅಥವಾ ಮಂಗಳೂರಿನಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ಮೀನುಗಾರಿಕೆ ಕಾಲೇಜು ಇದೆ, ಅಲ್ಲಿಯವರಿಗೆ ತೋರಿಸಿ. ತಲೆಯ ಅಂಚು ಮತ್ತು ಕನಿಷ್ಠ ಒಂದು ರೆಕ್ಕೆ (ಮರಿಯಾದರೆ ಎರಡು ರೆಕ್ಕೆ) ಒಂದೇ ಮಾತು ಹೇಳಿದರೆ ಮಾತ್ರ ಜಾತಿಯ ಹೆಸರು ಬರೆಯಿರಿ. ಬೆಳೆದ ಶಾರ್ಕ್‌ನಲ್ಲಿ ತಲೆ ಒಂದು ಹೇಳಿ ರೆಕ್ಕೆ ಇನ್ನೊಂದು ಹೇಳುತ್ತಿದ್ದರೆ, ಅಥವಾ ತಲೆ ಕತ್ತರಿಸಿ ಹೋಗಿದ್ದರೆ, ಸುಮ್ನೆ 'ಸ್ಫಿರ್ನಾ' ಅಂತ ಕುಲದ ಹೆಸರು ಬರೆದು ಫೋಟೊ ಹಾಕಿ. ಉಳಿದದ್ದನ್ನು ಗೊತ್ತಿರುವವರು ಆಮೇಲೆ ತುಂಬುತ್ತಾರೆ.